ಮನೆ ಬೀಗದ ಕೈ ಮಗುವಿನ ಕೈಗೆ ಕೊಡುವ ಮುಂಚೆ

ಶಾಲೆ ಬಿಡುವುದು ಮೂರೂವರೆಗೆ, ಅಪ್ಪ ಅಮ್ಮ ಮನೆ ಸೇರುವುದು ಆರೂವರೆಗೆ. ನಡುವಿನ ಮೂರು ಗಂಟೆಯನ್ನು ಇಷ್ಟು ದಿನ ಅಜ್ಜಿಯೋ ಡೇಕೇರಿನವರೋ ಪಕ್ಕದ ಮನೆಯವರೋ ನಿಭಾಯಿಸಿರುತ್ತಾರೆ. ಒಂದು ದಿನ ಅಜ್ಜಿ ಊರಿಗೆ ಹೊರಡುತ್ತಾರೆ. ‘ಡೇಕೇರಲ್ಲಿ ಬರೀ ಪಾಪುಗಳು, ನಾನು ಹೋಗಲ್ಲ’ ಅಂತ ಮಗಳು ಹಟ ಹಿಡಿಯುತ್ತಾಳೆ. ಇವಳನ್ನು ಒಬ್ಬಳನ್ನೇ ಬಿಡಬಹುದಾ ಎಂಬ ಮಾತು ಬರುವುದು ಹೀಗೆ.

ಬಹಳ ಮಂದಿ ಇದಕ್ಕೆ ಒಂದು ವಯಸ್ಸಿನ ಉತ್ತರ ಹುಡುಕುತ್ತಾರೆ. ಇನ್ನು ಕೆಲವರು ‘ನಮ್ಮ ಹುಡುಗ ಸಾಧು, ಹೇಳಿದ ಮಾತು ಮೀರಲ್ಲ’ ಎಂಬ ಧೈರ್ಯದ ಮೇಲೆ ಹೊರಡುತ್ತಾರೆ. ಎರಡೂ ಸಾಲದು. ಮಾತು ಕೇಳುವ ಮಗು, ಎಲ್ಲವೂ ನೀವು ಹೇಳಿಹೋದಂತೆ ನಡೆಯುವವರೆಗೆ ಚೆನ್ನಾಗಿಯೇ ಇರುತ್ತದೆ. ಕರೆಂಟ್ ಹೋದಾಗ, ಕೀ ಒಳಗೇ ಉಳಿದು ಬಾಗಿಲು ಹಾಕಿಕೊಂಡಾಗ, ನೀವು ಫೋನ್ ಎತ್ತದಿದ್ದಾಗ ಏನು ಮಾಡುತ್ತದೆ? ನೋಡಬೇಕಾದದ್ದು ಅದು. ಕೂತಲ್ಲೇ ಊಹಿಸಿದರೆ ಅದು ತಿಳಿಯುವುದಿಲ್ಲ. ನೀವು ಮನೆಯಲ್ಲಿರುವಾಗಲೇ ಒಂದೊಂದನ್ನೂ ಬೇಕೆಂತಲೇ ಕೆಡಿಸಿ ನೋಡಬೇಕು.

ವಯಸ್ಸಿನ ಮಾತು, ಕಾನೂನಿನ ಮಾತು

ಇಷ್ಟು ವರ್ಷದವರೆಗೆ ಮಗುವನ್ನು ಒಂಟಿಯಾಗಿ ಬಿಡಬಾರದು ಎಂದು ಹೇಳುವ ಕಾನೂನು ಭಾರತದಲ್ಲಿ ಇಲ್ಲ. ಆದರೆ 2015ರ ಬಾಲನ್ಯಾಯ ಕಾಯ್ದೆಯ 75ನೇ ಸೆಕ್ಷನ್ ಇದೆ. ಮಗುವಿನ ಹೊಣೆ ಹೊತ್ತವರು ಬೇಕೆಂದೇ ನಿರ್ಲಕ್ಷ್ಯ ಮಾಡಿ, ಅದರಿಂದ ಮಗುವಿನ ಮೈಗೋ ಮನಸ್ಸಿಗೋ ಅನಗತ್ಯ ನೋವಾಗುವ ಸಂಭವವಿದ್ದರೆ ಮೂರು ವರ್ಷದವರೆಗೆ ಜೈಲು, ಒಂದು ಲಕ್ಷ ರೂಪಾಯಿ ದಂಡ, ಇಲ್ಲವೇ ಎರಡೂ ಆಗಬಹುದು. ಅಂದರೆ ನಮ್ಮ ಕಾನೂನು ವಯಸ್ಸಿನ ಗೆರೆ ಎಳೆಯುವುದಿಲ್ಲ, ನಿರ್ಲಕ್ಷ್ಯಕ್ಕೆ ಲೆಕ್ಕ ಕೇಳುತ್ತದೆ. ಹೊರದೇಶದಲ್ಲಿರುವ ಕನ್ನಡಿಗರು ತಾವಿರುವ ಊರಿನ ನಿಯಮವನ್ನೇ ನೋಡಿಕೊಳ್ಳಬೇಕು. ಅಮೆರಿಕದ ಮೇರಿಲ್ಯಾಂಡ್‌ನಲ್ಲಿ 8 ವರ್ಷದೊಳಗಿನ ಮಗುವನ್ನು ಒಂಟಿಯಾಗಿ ಬಿಡುವಂತಿಲ್ಲ, ಅದನ್ನು ನೋಡಿಕೊಳ್ಳುವವರಿಗೆ ಕನಿಷ್ಠ 13 ಆಗಿರಬೇಕು. ಬ್ರಿಟನ್ನಿನಲ್ಲಿ ವಯಸ್ಸು ನಿಗದಿಯಾಗಿಲ್ಲ, ಮಗುವನ್ನು ಅಪಾಯಕ್ಕೆ ಒಡ್ಡಿದರೆ ಮಾತ್ರ ಅಪರಾಧ.

ನಮ್ಮ ಲೆಕ್ಕ ಹೀಗೆ. ಎಂಟರ ಒಳಗಿನ ಮಗುವನ್ನು ‘ಇಲ್ಲೇ ಮೊಸರು ತಂದುಬಿಡ್ತೀನಿ’ ಅಂತ ಐದು ನಿಮಿಷವೂ ಬಿಡಬೇಡಿ. ಎಂಟು–ಒಂಬತ್ತಕ್ಕೆ ಹಗಲು ಹೊತ್ತಿನಲ್ಲಿ, ಪಕ್ಕದ ಮನೆಗೆ ಹೇಳಿ, 10ರಿಂದ 15 ನಿಮಿಷ. ಹತ್ತು–ಹನ್ನೊಂದಕ್ಕೆ ಅರ್ಧದಿಂದ ಒಂದು ಗಂಟೆ. ಹನ್ನೆರಡು ದಾಟಿದರೆ ಎರಡು ಮೂರು ಗಂಟೆ. ಹದಿನಾರರ ಒಳಗೆ ರಾತ್ರಿಯಿಡೀ ಬಿಡುವ ಮಾತೇ ಬೇಡ. ಇವೆಲ್ಲ ಮೇಲಿನ ಮಿತಿಗಳು. ಹನ್ನೆರಡು ತುಂಬಿತು ಅಂದಮಾತ್ರಕ್ಕೆ ಮೂರು ಗಂಟೆ ಕೊಡಬೇಕೆಂದೇನಿಲ್ಲ.

ಇನ್ನೊಂದು ಮಾತು. ನಮ್ಮ ಮನೆಗಳಲ್ಲಿ ಹೆಣ್ಣುಮಕ್ಕಳಿಗೆ ಈ ಪಟ್ಟ ಎರಡು ವರ್ಷ ಮುಂಚೆಯೇ ಸಿಕ್ಕಿಬಿಡುತ್ತದೆ. ಒಂಬತ್ತಕ್ಕೇ ಅನ್ನಕ್ಕಿಡುತ್ತಾಳೆ, ತಮ್ಮನಿಗೆ ಬಡಿಸುತ್ತಾಳೆ, ‘ಅವಳಿಗೆ ಎಲ್ಲ ಗೊತ್ತು’ ಎನ್ನುತ್ತೇವೆ. ಮನೆಗೆಲಸ ಬರುವುದು ಬೇರೆ, ಗಾಬರಿಯಲ್ಲಿ ತಲೆ ಓಡುವುದು ಬೇರೆ.

ಮೊದಲು ನೋಡಬೇಕಾದ ಗುಣ

ಕಳೆದ ಆರು ತಿಂಗಳಲ್ಲಿ ಮಗು ಏನಾದರೂ ಒಡೆದಿತ್ತೇ, ಕಳೆದಿತ್ತೇ, ಚೆಲ್ಲಿತ್ತೇ? ಅದು ನಿಮಗೆ ಗೊತ್ತಾದದ್ದು ಹೇಗೆ? ತಾನಾಗಿ ಬಂದು ಹೇಳಿದ್ದರೆ ಅರ್ಧ ಪರೀಕ್ಷೆ ಪಾಸು. ಒಡೆದ ಲೋಟದ ಚೂರು ಮಂಚದಡಿ ಸಿಕ್ಕಿದ್ದರೆ, ಟೆಸ್ಟಿನ ಮಾರ್ಕ್ಸ್ ಬೇರೆ ಹುಡುಗನ ಅಮ್ಮನಿಂದ ತಿಳಿದಿದ್ದರೆ, ಇನ್ನೂ ತಡೆಯಿರಿ. ಒಂಟಿಯಾಗಿರುವ ಮಗು ಕೈ ಸುಟ್ಟುಕೊಂಡಾಗ ‘ಅಮ್ಮ ಬೈತಾಳೆ’ ಅಂತ ಫೋನ್ ಮಾಡದೆ ಕೂತರೆ, ಸಣ್ಣ ಗಾಯವೂ ದೊಡ್ಡದಾಗುತ್ತದೆ. ಮುಚ್ಚಿಡುವ ಅಭ್ಯಾಸ ಬಂದದ್ದು ಬಹುಪಾಲು ನಮ್ಮ ಬೈಗುಳದಿಂದಲೇ. ಹಾಗಾಗಿ ಮೊದಲ ಎರಡು ಮೂರು ತಿಂಗಳು ತಿದ್ದಿಕೊಳ್ಳಬೇಕಾದವರು ದೊಡ್ಡವರೇ ಇರಬಹುದು.

ಮಗುವನ್ನೂ ಕೇಳಿ. ‘ಇರ್ತೀಯಾ?’ ಅಂದರೆ ಎಲ್ಲ ಮಕ್ಕಳೂ ‘ಹ್ಞೂಂ’ ಎನ್ನುತ್ತವೆ, ಟಿವಿ ರಿಮೋಟ್ ಕೈಗೆ ಸಿಗುತ್ತದಲ್ಲ! ‘ಯಾವ ಹೊತ್ತಲ್ಲಿ ಭಯ ಆಗ್ಬಹುದು?’ ಎಂದು ಕೇಳಿದರೆ ನಿಜ ಹೊರಬರುತ್ತದೆ.

ಕೆಡಿಸಿ ನೋಡುವ ಪರೀಕ್ಷೆಗಳು

ಇವನ್ನು ಒಂದೇ ದಿನ ಮಾಡಬೇಡಿ, ವಾರಕ್ಕೊಂದರಂತೆ ಮಾಡಿ.

*ಫೋನ್ ಎತ್ತದ ಅಮ್ಮ.* ನಾಲ್ಕು ಹೆಸರಿನ ಪಟ್ಟಿ ಕೊಡಿ: ಅಮ್ಮ, ಅಪ್ಪ, ಪಕ್ಕದ ಮನೆ ಆಂಟಿ, ಚಿಕ್ಕಪ್ಪ. ಆಮೇಲೆ ಒಂದು ದಿನ ಕೆಳಗಿನ ಅಂಗಡಿಗೆ ಹೋಗಿ, ಮಗು ಮಾಡಿದ ಕರೆ ಎತ್ತಬೇಡಿ. ಅದೇ ನಂಬರಿಗೆ ಹದಿನೈದು ಸಲ ಮಾಡಿ ಅಳುತ್ತಾ ಕೂರುತ್ತದೋ, ಎರಡು ಸಲ ನೋಡಿ ಮುಂದಿನ ಹೆಸರಿಗೆ ಹೋಗುತ್ತದೋ? ಪಟ್ಟಿಯಲ್ಲಿ ಒಬ್ಬರಾದರೂ ಹತ್ತು ನಿಮಿಷದಲ್ಲಿ ನಡೆದೇ ಬರಬಲ್ಲವರಿರಬೇಕು. ಬೆಂಗಳೂರಿನ ಮಳೆ ಸಂಜೆಯಲ್ಲಿ ಸಿಲ್ಕ್ ಬೋರ್ಡ್ ಜಂಕ್ಷನ್ ದಾಟಿ ಬರಬೇಕಾದ ಚಿಕ್ಕಪ್ಪ ಪಟ್ಟಿಗೆ ಶೋಭೆ ಅಷ್ಟೆ. ಮುಖ್ಯವಾದ ಎರಡು ನಂಬರು ಮಗುವಿಗೆ ಬಾಯಿಪಾಠ ಇರಬೇಕು. ಫೋನಿನ ಚಾರ್ಜ್ ಮುಗಿದರೆ ಅದರಲ್ಲಿ ಸೇವ್ ಮಾಡಿದ ಹೆಸರಿನಿಂದ ಪ್ರಯೋಜನವಿಲ್ಲ.

*112ರ ತಾಲೀಮು.* ನಿಜವಾದ ಕರೆ ಮಾಡಿಸಬೇಡಿ. ನೀವೇ ಆ ಕಡೆಯವರಾಗಿ. ಮೊದಲ ಸಲ ಸಾಮಾನ್ಯವಾಗಿ ಹೀಗಾಗುತ್ತದೆ:

‘ಏನಾಯ್ತು?’
‘ಅಜ್ಜಿ ಬಿದ್ದುಬಿಟ್ರು.’
‘ಎಲ್ಲಿಂದ ಮಾತಾಡ್ತಿದೀಯಾ?’
‘ಮನೆಯಿಂದ.’
‘ಮನೆ ಎಲ್ಲಿ?’
‘ಅಯ್ಯಂಗಾರ್ ಬೇಕರಿ ಹತ್ರ.’

ಬೆಂಗಳೂರಿನ ಯಾವ ಬಡಾವಣೆಯಲ್ಲಿ ಅಯ್ಯಂಗಾರ್ ಬೇಕರಿ ಇಲ್ಲ? ನಾಲ್ಕನೇ ಮೇನ್, ಏಳನೇ ಕ್ರಾಸ್ ಅಂದರೂ ಸಾಲದು, ಅವೂ ಎಲ್ಲ ಬಡಾವಣೆಯಲ್ಲೂ ಇರುತ್ತವೆ. ಮನೆ ನಂಬರು, ಮಹಡಿ, ಕ್ರಾಸ್, ಮೇನ್, ಬಡಾವಣೆಯ ಹೆಸರು, ಎಲ್ಲರಿಗೂ ಗೊತ್ತಿರುವ ಒಂದು ಶಾಲೆಯೋ ದೇವಸ್ಥಾನವೋ: ಈ ಆರನ್ನೂ ಇದೇ ಸಾಲಿನಲ್ಲಿ, ಉಸಿರು ಕಟ್ಟದೆ ಹೇಳುವವರೆಗೆ ತಾಲೀಮು ನಡೆಯಲಿ. ‘ಅವರೇ ಇಡು ಅನ್ನೋವರೆಗೆ ಫೋನ್ ಇಡಬಾರದು’ ಎಂಬುದನ್ನೂ ಸೇರಿಸಿ. 112 ಪೊಲೀಸ್, ಬೆಂಕಿ, ಆಂಬುಲೆನ್ಸ್ ಮೂರಕ್ಕೂ ಸಿಗುತ್ತದೆ. ಆಂಬುಲೆನ್ಸಿಗೆ 108, ಮಕ್ಕಳ ಸಹಾಯವಾಣಿಗೆ 1098 ಕೂಡ ಇವೆ. ಆದರೆ ಹತ್ತು ವರ್ಷದ ತಲೆಗೆ ಒಂದೇ ನಂಬರು ತುಂಬಿ, ಉಳಿದವನ್ನು ಫ್ರಿಜ್ ಮೇಲೆ ದಪ್ಪ ಅಕ್ಷರದಲ್ಲಿ ಬರೆದು ಅಂಟಿಸಿ. ಫೋನ್ ಲಾಕ್ ಆಗಿದ್ದರೂ ತುರ್ತು ಕರೆ ಹೋಗುತ್ತದೆ. ಆ ಬಟನ್ ಎಲ್ಲಿದೆ ಅಂತ ತೋರಿಸಿ.

*ಕತ್ತಲೆ.* ಸಂಜೆ ಏಳಕ್ಕೆ ಹೇಳದೆ ಕೇಳದೆ ಮೇನ್ ಸ್ವಿಚ್ ಇಳಿಸಿ, ಪಕ್ಕದ ರೂಮಿನಲ್ಲಿ ಸುಮ್ಮನಿರಿ. ಮಗು ಟಾರ್ಚ್ ಹುಡುಕಬೇಕು. ಮೇಣದ ಬತ್ತಿಗೂ ಬೆಂಕಿಪೊಟ್ಟಣಕ್ಕೂ ಕೈ ಹಾಕಿದರೆ ಫೇಲು. ಟಾರ್ಚ್ ಎಲ್ಲಿಟ್ಟಿದ್ದೀರಿ ಅಂತ ನಿಮಗೇ ನೆನಪಾಗದಿದ್ದರೆ ಫೇಲಾದವರು ನೀವು.

*ಕೊರಿಯರ್.* ಮಗುವಿಗೆ ಗುರುತಿಲ್ಲದ ನಿಮ್ಮ ಸ್ನೇಹಿತರೊಬ್ಬರಿಂದ ಬೆಲ್ ಮಾಡಿಸಿ. ‘ಪಾರ್ಸೆಲ್ ಇದೆ, ಓಟಿಪಿ ಬೇಕು, ನಿಮ್ಮಮ್ಮನೇ ಕಳಿಸಿದ್ದು’ ಅನ್ನಲಿ. ‘ಅಮ್ಮ’ ಅಂದ ಕೂಡಲೇ ಬಾಗಿಲು ತೆಗೆಯುವ ಮಕ್ಕಳೇ ಜಾಸ್ತಿ. ಸರಿಯಾದ ಉತ್ತರ ಒಂದೇ ವಾಕ್ಯ, ಮುಚ್ಚಿದ ಬಾಗಿಲಿನ ಹಿಂದಿನಿಂದ: ‘ಅಪ್ಪನಿಗೆ ಫೋನ್ ಮಾಡಿ, ಅಲ್ಲೇ ಇಟ್ಟು ಹೋಗಿ.’ ಕೆಲವರು ‘ಅಪ್ಪ ಸ್ನಾನ ಮಾಡ್ತಿದಾರೆ’ ಅಂತ ಸುಳ್ಳು ಹೇಳಿಕೊಡುತ್ತಾರೆ. ಎರಡನೇ ಪ್ರಶ್ನೆ ಬಂದರೆ ಆ ಸುಳ್ಳಿಗೆ ಇನ್ನೊಂದು ಸುಳ್ಳು ಕಟ್ಟಬೇಕು, ಮಗು ತಡಬಡಾಯಿಸುತ್ತದೆ. ಬದಲಾಗದ ಒಂದೇ ವಾಕ್ಯ ವಾಸಿ.

ಅಪರಿಚಿತರ ಭಯವನ್ನಷ್ಟೇ ತುಂಬಿದರೆ ಸಾಲದು. ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯದಲ್ಲಿ ಹೆಚ್ಚಿನವು ಗುರುತಿರುವವರಿಂದಲೇ ಆಗುವಂಥವು. ಆದ್ದರಿಂದ ಬಾಗಿಲು ತೆಗೆಯಬಹುದಾದವರ ಪಟ್ಟಿ ಎರಡು ಮೂರು ಹೆಸರಿಗೆ ನಿಲ್ಲಲಿ. ಆ ಪಟ್ಟಿಯಲ್ಲಿ ಇಲ್ಲದವರು ಸೋದರಮಾವನೇ ಆಗಲಿ, ಟ್ಯೂಷನ್ ಸರ್ ಆಗಲಿ, ಮಹಡಿ ಮೇಲಿನ ಅಣ್ಣನೇ ಆಗಲಿ, ಮೊದಲು ಅಮ್ಮನಿಗೆ ಫೋನ್, ಆಮೇಲೆ ಬಾಗಿಲು. ‘ಮಾವ ಬೇಜಾರು ಮಾಡ್ಕೋತಾರೆ’ ಎಂಬ ಸಂಕೋಚ ಮಗುವಿನ ಮೇಲೆ ಬೀಳದಂತೆ ಈ ನಿಯಮವನ್ನು ನೀವೇ ಅವರಿಗೆ ಮೊದಲೇ ಹೇಳಿಬಿಡಿ.

ಬೀಗ, ಚಿಲಕ, ಲ್ಯಾಚು

ತೊಂದರೆ ಹೆಚ್ಚು ಬರುವುದು ಇಲ್ಲಿ, ಆದ್ದರಿಂದ ಸ್ವಲ್ಪ ನಿಧಾನವಾಗಿ ನೋಡೋಣ.

ಹೊರಗಿನಿಂದ ಬೀಗ ಹಾಕಿಕೊಂಡು ಹೋಗುವುದು ನಮ್ಮಲ್ಲಿ ಬಹಳ. ‘ಅವನು ಆಚೆ ಹೋಗಲ್ಲ, ಯಾರೂ ಒಳಗೆ ಬರಲ್ಲ’ ಎಂಬ ನೆಮ್ಮದಿ. ಗ್ಯಾಸ್ ಸೋರಿದರೆ, ಶಾರ್ಟ್ ಸರ್ಕ್ಯೂಟ್‌ನಿಂದ ಹೊಗೆ ಎದ್ದರೆ ಅದೇ ಮನೆ ಬೋನು. ಕಿಟಕಿಗೆಲ್ಲ ಕಬ್ಬಿಣದ ಸರಳು, ಬಾಲ್ಕನಿಗೆ ಗ್ರಿಲ್, ಬಾಗಿಲಿಗೆ ಹೊರಬೀಗ. ಹೊರಗಿನಿಂದ ಬೀಗ ಹಾಕಿದರೆ ಮಾತ್ರ ಬಿಡಬಹುದು ಅನ್ನಿಸುವ ಮಗು, ಒಂಟಿಯಾಗಿ ಬಿಡುವ ಮಗುವೇ ಅಲ್ಲ.

ಒಳಗಿನಿಂದ ಎಲ್ಲ ಬಾಗಿಲನ್ನೂ ಮಗು ತಾನೇ ತೆಗೆಯಬೇಕು, ದೀಪ ಆರಿಸಿದ ಕತ್ತಲಲ್ಲಿ, ಒಂದು ನಿಮಿಷದೊಳಗೆ. ಗಡಿಯಾರ ಹಿಡಿದೇ ನೋಡಿ. ಮೇಲಿನ ಚಿಲಕ ಎಟುಕದಿದ್ದರೆ ಸ್ಟೂಲ್ ಇಡಬೇಡಿ, ಆ ಚಿಲಕ ಹಾಕುವುದನ್ನೇ ಬಿಟ್ಟುಬಿಡಿ. ಗ್ರಿಲ್ ಗೇಟಿನ ಬೀಗದ ಕೈ ಒಳಗಡೆ ಒಂದು ಮೊಳೆಗೆ ನೇತಾಡಲಿ, ಕಿಟಕಿಯಿಂದ ಕೈ ಹಾಕಿದರೆ ಸಿಗದಷ್ಟು ದೂರದಲ್ಲಿ. ಮಲೆನಾಡು, ಕರಾವಳಿ ಕಡೆಯವರು ಈ ಪರೀಕ್ಷೆಯನ್ನು ಮಳೆಗಾಲದಲ್ಲಿ ಮತ್ತೊಮ್ಮೆ ಮಾಡಬೇಕು. ಬೇಸಿಗೆಯಲ್ಲಿ ಸಲೀಸಾಗಿ ತೆಗೆಯುವ ಮರದ ಬಾಗಿಲು ಜುಲೈನಲ್ಲಿ ಉಬ್ಬಿ ಚೌಕಟ್ಟಿಗೆ ಕಚ್ಚಿಕೊಂಡಿರುತ್ತದೆ, ಮಗುವಿನ ತೋಳಿಗೆ ಜಗ್ಗುವುದಿಲ್ಲ. ಬಡಗಿಯಿಂದ ಅಂಚು ಕೀಸಿಸಿ.

ಎಷ್ಟೋ ಮನೆಗಳಲ್ಲಿ ನಡೆಯುವ ಇನ್ನೊಂದು ಪ್ರಸಂಗ: ಶಾಲೆಯಿಂದ ಬಂದ ಮಗು ಒಳಗಿನಿಂದ ಚಿಲಕ ಹಾಕಿಕೊಂಡು ಸೋಫಾದಲ್ಲಿ ನಿದ್ದೆ ಹೋಗುತ್ತದೆ. ಟಿವಿ ಜೋರಾಗಿದೆ, ಫೋನ್ ಬ್ಯಾಗಿನೊಳಗೆ ಸೈಲೆಂಟಿನಲ್ಲಿದೆ. ಅಮ್ಮನ ಕೈಲಿ ಕೀ ಇದ್ದರೂ ಚಿಲಕ ಬಿದ್ದ ಬಾಗಿಲು ತೆರೆಯದು. ಬೆಲ್ಲು, ಬಡಿತ, ಅಕ್ಕಪಕ್ಕದವರ ಗುಂಪು, ಕೊನೆಗೆ ಬಾಗಿಲು ಒಡೆಯುವ ಮಾತು. ಇದನ್ನು ತಪ್ಪಿಸಲು ಹಗಲಲ್ಲಿ ಲ್ಯಾಚ್ ಮಾತ್ರ ಸಾಕು, ಚಿಲಕ ಬೇಡ. ಕೆಲವು ಬೀಗಗಳಲ್ಲಿ ಒಳಗಡೆ ಕೀ ಸಿಕ್ಕಿಸಿಟ್ಟಿದ್ದರೆ ಹೊರಗಿನ ಕೀ ತಿರುಗುವುದಿಲ್ಲ. ನಿಮ್ಮದು ಆ ಜಾತಿಯದೋ ಅಂತ ಇವತ್ತೇ ನೋಡಿಬಿಡಿ.

ಲ್ಯಾಚಿಗೆ ಅದರದೇ ತೊಂದರೆ ಇದೆ. ಕಸ ಇಡಲು, ಬೆಕ್ಕು ನೋಡಲು ಆಚೆ ಕಾಲಿಟ್ಟ ಕ್ಷಣ ಗಾಳಿಗೆ ಬಾಗಿಲು ಟಪ್ ಅಂತ ಬೀಳುತ್ತದೆ. ಬರಿಗಾಲಲ್ಲಿ, ಫೋನಿಲ್ಲದೆ ಮಗು ಮೆಟ್ಟಿಲ ಮೇಲೆ. ಅದಕ್ಕೇ ಒಂದು ಕೀ ಪಕ್ಕದ ಮನೆಯಲ್ಲಿರಬೇಕು. ತುಳಸಿ ಕಟ್ಟೆ ಹಿಂದೆ, ಚಪ್ಪಲಿ ಸ್ಟ್ಯಾಂಡಿನ ಹಳೇ ಶೂನಲ್ಲಿ, ಮೀಟರ್ ಬಾಕ್ಸ್ ಮೇಲೆ ಬಚ್ಚಿಟ್ಟ ಕೀ ಬೀದಿಗೆಲ್ಲ ಗೊತ್ತಿರುತ್ತದೆ. ಮಗುವಿನ ಕೀಯನ್ನು ಕೊರಳಿಗೆ ಹಾಕಬೇಡಿ, ಬ್ಯಾಗಿನ ಹೊರಗೆ ನೇತುಹಾಕಬೇಡಿ. ಬ್ಯಾಗಿನ ಒಳಜೇಬಿಗೆ ಒಂದು ಗೇಣು ದಾರ ಹೊಲಿದು ಅದಕ್ಕೆ ಕಟ್ಟಿ. ಕೀಚೈನಿನ ಮೇಲೆ ಮನೆ ವಿಳಾಸ ಬೇಡ.

ಹೊರಡುವ ಮುಂಚೆ ಮನೆ ಸುತ್ತು

ಗ್ಯಾಸ್ ರೆಗ್ಯುಲೇಟರ್ ಆಫ್, ಬರೀ ಒಲೆಯ ನಾಬ್ ಅಲ್ಲ. ದೇವರ ಮನೆಯ ದೀಪ ಶಾಂತ ಮಾಡಿ, ಊದುಬತ್ತಿಯೂ ಆರಿರಲಿ. ಇಸ್ತ್ರಿ ಪೆಟ್ಟಿಗೆ, ನೀರು ಕಾಯಿಸುವ ರಾಡ್ ಪ್ಲಗ್ಗಿನಿಂದ ತೆಗೆದು ಬೀರುವಿಗೆ. ತಾರಸಿ ಬಾಗಿಲು, ಸಂಪಿನ ಮುಚ್ಚಳ ಭದ್ರವೇ ನೋಡಿ. ಬಾಲ್ಕನಿಯಲ್ಲಿ ಹತ್ತಲು ಆಗುವ ಕುರ್ಚಿ, ಕುಂಡ, ಬಕೆಟ್ ಗೋಡೆಯಿಂದ ದೂರ ಇರಲಿ.

ಅಡುಗೆಯ ವಿಷಯದಲ್ಲಿ ನಮ್ಮದು ಕಟ್ಟುನಿಟ್ಟು: ಮೊದಲ ಒಂದು ವರ್ಷ ಒಂಟಿಯಾಗಿದ್ದಾಗ ಒಲೆ ಹಚ್ಚುವಂತಿಲ್ಲ, ಮ್ಯಾಗಿಗೂ ಇಲ್ಲ. ಮೊಸರವಲಕ್ಕಿ, ಬಾಳೆಹಣ್ಣು, ಚಪಾತಿಗೆ ಬೆಲ್ಲ ತುಪ್ಪ, ಡಬ್ಬಿಯಲ್ಲಿ ಕೋಡುಬಳೆ ಇಷ್ಟನ್ನೂ ಮೇಜಿನ ಮೇಲೇ ಇಡಿ. ಶೆಲ್ಫಿನ ಮೇಲಿನ ಖಾನೆಯಲ್ಲಿದ್ದರೆ ಮಗು ಕಟ್ಟೆ ಹತ್ತುತ್ತದೆ. ಫ್ಲಾಸ್ಕಿನ ಹಾಲು ಉಗುರುಬೆಚ್ಚಗಿರಲಿ.

ಗ್ಯಾಸ್ ವಾಸನೆ ಬಂದರೆ? ಎಲ್‌ಪಿಜಿ ಗಾಳಿಗಿಂತ ಭಾರ, ನೆಲದ ಮಟ್ಟದಲ್ಲಿ ಕೂಡುತ್ತದೆ. ಸ್ವಿಚ್ ಹಾಕಲೂಬಾರದು, ಆರಿಸಲೂಬಾರದು, ಎರಡರಲ್ಲೂ ಕಿಡಿ ಬರುತ್ತದೆ. ದೊಡ್ಡವರಾದರೆ ರೆಗ್ಯುಲೇಟರ್ ತಿರುಗಿಸಿ ಕಿಟಕಿ ತೆರೆಯಬಹುದು. ಮಗುವಿಗೆ ಒಂದೇ ಪಾಠ: ಬಾಗಿಲು ತೆರೆದಿಟ್ಟು ಆಚೆ ಓಡು, ಪಕ್ಕದ ಮನೆಯಿಂದ ಫೋನ್ ಮಾಡು. ಗ್ಯಾಸ್ ಸೋರಿಕೆಗೆ 1906 ಇದೆ, ಅದನ್ನು ದೊಡ್ಡವರು ಮಾಡಲಿ. ಹೊಗೆ ಕಂಡರೂ ಆಚೆ ಓಡುವುದೇ. ಹೆದರಿದ ಮಕ್ಕಳು ಮಂಚದಡಿ, ಬೀರುವಿನಲ್ಲಿ ಅಡಗುತ್ತವೆ. ‘ಬಚ್ಚಿಟ್ಟುಕೊಳ್ಳಬೇಡ, ಬಗ್ಗಿ ಆಚೆ ಬಾ, ಲಿಫ್ಟ್ ಬೇಡ, ಫೋನ್ ತರಲು ವಾಪಸ್ ಹೋಗಬೇಡ’ ಎಂದು ಬಾಯಲ್ಲಿ ಹೇಳಿದರೆ ಸಾಲದು, ಎರಡು ಸಲ ನಡೆಸಿ ತೋರಿಸಿ.

ಸ್ನಾನ ಬೇಡ. ಗ್ಯಾಸ್ ಗೀಸರ್ ಇರುವ, ಕಿಟಕಿ ಮುಚ್ಚಿದ ಬಾತ್‌ರೂಮಿನಲ್ಲಿ ಕಾರ್ಬನ್ ಮೊನಾಕ್ಸೈಡ್ ತುಂಬಿಕೊಳ್ಳಬಹುದು. ಅದಕ್ಕೆ ವಾಸನೆಯಿಲ್ಲ, ತಿಳಿಯುವ ಹೊತ್ತಿಗೆ ಕಾಲು ಸೋತಿರುತ್ತದೆ. ಬಾತ್‌ರೂಮಿಗೆ ಹೋದರೂ ಚಿಲಕ ಹಾಕದಿರಲಿ. ಮನೆಯಲ್ಲಿ ಬೇರೆ ಯಾರಿದ್ದಾರೆ ನೋಡಲು?

ಗಾಯಕ್ಕೆ ಮೂರು ಪಾಠ ಸಾಕು. ಸುಟ್ಟರೆ ನಲ್ಲಿಯ ಹರಿಯುವ ನೀರಿಗೆ 20 ನಿಮಿಷ, ಟೂತ್‌ಪೇಸ್ಟ್, ಅರಿಶಿನ, ಇಂಕು ಹಚ್ಚಬಾರದು. ಕೊಯ್ದುಕೊಂಡರೆ ಶುಭ್ರ ಬಟ್ಟೆಯಿಂದ ಒತ್ತಿ ಹಿಡಿ. ಮೂಗಿನಲ್ಲಿ ರಕ್ತ ಬಂದರೆ ಕೂತು ಮುಂದಕ್ಕೆ ಬಾಗಿ, ಮೂಗಿನ ಮೆತ್ತನೆ ಭಾಗ 10 ನಿಮಿಷ ಹಿಡಿ. ತಲೆ ಹಿಂದಕ್ಕೆ ಎತ್ತಿದರೆ ರಕ್ತ ಗಂಟಲಿಗಿಳಿಯುತ್ತದೆ. ಮಾತ್ರೆ ಯಾವುದೂ ತಾನಾಗಿ ನುಂಗುವಂತಿಲ್ಲ, ಜ್ವರದ್ದೂ.

ಹಳ್ಳಿ, ತೋಟದ ಮನೆಗಳಲ್ಲಿ ಲೆಕ್ಕ ಬೇರೆ. ಅಲ್ಲಿ ‘ಮನೇಲಿರು’ ಅಂದರೆ ಮಗು ಮನೆಯೊಳಗೆ ಇರುವುದೇ ಇಲ್ಲ. ಹಾಗಾಗಿ ನೋಡಬೇಕಾದದ್ದು ಬಾವಿ, ಕೀಟನಾಶಕದ ಡಬ್ಬಿ, ಮುಖ್ಯವಾಗಿ ಕೃಷಿ ಹೊಂಡ. ಪ್ಲಾಸ್ಟಿಕ್ ಹಾಸಿದ ಹೊಂಡದ ಇಳಿಜಾರು ಒದ್ದೆಯಾದರೆ ಈಜು ಬಂದವರಿಗೂ ಹತ್ತಲು ಆಗದು. ಸುತ್ತ ಬೇಲಿ, ಅಂಚಿಗೆ ಗೂಟಕ್ಕೆ ಕಟ್ಟಿ ನೀರಿನವರೆಗೆ ಇಳಿಬಿಟ್ಟ ಗಂಟು ಹಾಕಿದ ಹಗ್ಗ ಹಾಕುವವರೆಗೆ ಮಗುವನ್ನು ಬಿಟ್ಟು ದೂರ ಹೋಗಬೇಡಿ.

ಹತ್ತು ನಿಮಿಷದಿಂದ ಶುರು

ಮೊದಲು ಹಾಲಿನ ಬೂತಿಗೆ ಹೋಗಿಬರುವ ಹತ್ತು ನಿಮಿಷ. ಐದಾರು ಸಲ ಸಲೀಸಾಗಿ ಆದಮೇಲೆ ಅರ್ಧ ಗಂಟೆ, ಅದೂ ಅಷ್ಟೇ ಸಲ ಆದಮೇಲೆ ಒಂದು ಗಂಟೆ. ಅವಸರಕ್ಕೆ ಮೆಟ್ಟಿಲು ಹಾರಿಸಬೇಡಿ. ಎಷ್ಟೋ ಮನೆಗಳಲ್ಲಿ ಏಪ್ರಿಲ್ ರಜೆಯ ಮೊದಲ ದಿನವೇ ಬೆಳಿಗ್ಗೆ ಒಂಬತ್ತರಿಂದ ಸಂಜೆ ಆರರವರೆಗೆ ಬಿಡುತ್ತಾರೆ, ಅಭ್ಯಾಸವೇ ಇಲ್ಲದೆ. ರಜೆಗೆ ಬಿಡಬೇಕೆಂದಿದ್ದರೆ ಜನವರಿಯಲ್ಲೇ ಶುರು ಮಾಡಿ.

ಬರುತ್ತೇನೆಂದ ಹೊತ್ತಿಗೆ ಬನ್ನಿ. ಐದೂವರೆ ಅಂದಿದ್ದರೆ ಐದೂ ಇಪ್ಪತ್ತೈದಕ್ಕೆ ಮಗು ಕಿಟಕಿಯಲ್ಲಿರುತ್ತದೆ. ತಡವಾಗುವುದಾದರೆ ಐದೂವರೆಗೆ ಮುಂಚೆಯೇ ಫೋನ್ ಮಾಡಿ, ಆಮೇಲಲ್ಲ.

ಮುಸ್ಸಂಜೆಯಲ್ಲಿ ಮನೆ ಸದ್ದು ಮಾಡುತ್ತದೆ. ಕರೆಂಟ್ ಹೋದರೆ ಯುಪಿಎಸ್ ಬೀಪ್ ಅನ್ನುತ್ತದೆ, ತಾರಸಿಯ ಸಿಂಟೆಕ್ಸ್ ತುಂಬಿ ನೀರು ಧೊಪಧೊಪ ಸುರಿಯುತ್ತದೆ, ಫ್ರಿಜ್ ಗುರ್ ಎಂದು ನಿಂತುಬಿಡುತ್ತದೆ, ಫೋಟೋ ಹಿಂದೆ ಹಲ್ಲಿ ಲೊಚಗುಟ್ಟುತ್ತದೆ. ನೀವಿದ್ದಾಗ ಮಗುವಿಗೆ ಇವು ಕೇಳಿಸಿಯೇ ಇರುವುದಿಲ್ಲ. ಒಂದು ಸಂಜೆ ಟಿವಿ ಆರಿಸಿ ಜೊತೆಗೆ ಕೂತು ಒಂದೊಂದು ಸದ್ದನ್ನೂ ಪರಿಚಯ ಮಾಡಿಸಿ. ಅರ್ಧ ಭಯ ಅಲ್ಲೇ ಇಳಿಯುತ್ತದೆ.

ಇಬ್ಬರಿದ್ದರೆ, ಅಜ್ಜಿ ಇದ್ದರೆ

ಇಬ್ಬರೂ ಜಾಣರು ಎಂಬುದರಿಂದ ಇಬ್ಬರನ್ನು ಒಟ್ಟಿಗೆ ಬಿಡಬಹುದು ಎಂದಾಗುವುದಿಲ್ಲ. ರಿಮೋಟಿಗೆ ಶುರುವಾದ ಜಗಳ ಬಾಗಿಲಿಗೆ ಬೆರಳು ಸಿಕ್ಕುವಲ್ಲಿಗೆ ಮುಗಿಯುತ್ತದೆ. ದೊಡ್ಡದಕ್ಕೆ 13, ಚಿಕ್ಕದಕ್ಕೆ 7 ಆಗುವವರೆಗೆ ಕಾಯಿರಿ. ‘ಅಕ್ಕ ಹೇಳಿದಂಗೆ ಕೇಳು’ ಎಂಬ ಬರೀ ಆಜ್ಞೆಯಿಂದ ಅಕ್ಕ ಪೊಲೀಸಾಗುತ್ತಾಳೆ, ತಮ್ಮ ಕಳ್ಳನಾಗುತ್ತಾನೆ. ಟಿವಿ ಯಾರದು ಎಷ್ಟು ಹೊತ್ತು ಎಂಬಂಥ ಜಗಳದ ಮೂಲಗಳನ್ನು ನೀವೇ ತೀರ್ಮಾನಿಸಿ ಬರೆದಿಡಿ.

ಹಾಸಿಗೆ ಹಿಡಿದ, ಮರೆವಿರುವ ಅಜ್ಜಿ ಮನೆಯಲ್ಲಿದ್ದರೆ ‘ಮಗು ಒಂಟಿಯಲ್ಲ’ ಅಂದುಕೊಳ್ಳಬೇಡಿ. ಆಗ ಮಗುವೇ ಅಜ್ಜಿಯನ್ನು ನೋಡಿಕೊಳ್ಳುತ್ತಿರುತ್ತದೆ. ಅದು ಒಂಟಿಯಾಗಿರುವುದಕ್ಕಿಂತ ದೊಡ್ಡ ಹೊಣೆ.

ಹಿಂದಕ್ಕೆ ಹೋಗಬೇಕಾದ ಗುರುತುಗಳು

ಮಗು ‘ಚೆನ್ನಾಗಿದ್ದೆ’ ಅನ್ನುತ್ತದೆ, ಆದರೆ ಮನೆಯ ಎಲ್ಲ ದೀಪ ಉರಿಯುತ್ತಿವೆ. ಇಟ್ಟ ತಿಂಡಿ ಹಾಗೇ ಇದೆ. ನೀವು ಬಂದ ಕೂಡಲೇ ಬಾತ್‌ರೂಮಿಗೆ ಓಡುತ್ತದೆ, ಏಕೆಂದರೆ ಹಿತ್ತಲ ಕಡೆಯ ಕತ್ತಲೆಗೆ ಹೆದರಿ ಎರಡು ಗಂಟೆ ತಡೆದುಕೊಂಡು ಕೂತಿತ್ತು. ನಿಂತುಹೋಗಿದ್ದ ಹಾಸಿಗೆ ಒದ್ದೆ ಮತ್ತೆ ಶುರುವಾಗಿದೆ. ಇವುಗಳಲ್ಲಿ ಒಂದು ಕಂಡರೂ ಮಾತಿಲ್ಲದೆ ಒಂದು ಮೆಟ್ಟಿಲು ಕೆಳಗಿಳಿಯಿರಿ. ಒಂದು ಗಂಟೆಯಿಂದ ಅರ್ಧ ಗಂಟೆಗೆ, ಅರ್ಧದಿಂದ ಹತ್ತು ನಿಮಿಷಕ್ಕೆ. ‘ಇಷ್ಟು ದೊಡ್ಡವನಾಗಿ ಹೆದರ್ತೀಯಾ’ ಎಂದರೆ ಮುಂದಿನ ಸಲ ದೀಪ ಆರಿಸಿ ಹೆದರುತ್ತಾನೆ, ಅಷ್ಟೇ.

ಮನೆಗೆ ಬಂದಮೇಲೆ ‘ಹೋಂವರ್ಕ್ ಆಯ್ತಾ’ ಎಂಬುದಕ್ಕೆ ಮುಂಚೆ ‘ಇವತ್ತು ಏನು ಎಡವಟ್ಟಾಯ್ತು?’ ಅಂತ ನಗುತ್ತಾ ಕೇಳಿ. ‘ಲೋಟ ಒಡೀತು, ಚೂರು ಪೇಪರಲ್ಲಿ ಸುತ್ತಿಟ್ಟಿದೀನಿ, ಅಲ್ಲಿ ಚಪ್ಪಲಿ ಹಾಕ್ಕೊಂಡು ಹೋಗು’ ಎಂಬ ಉತ್ತರ ಬಂದರೆ ನಾಳೆ ಹದಿನೈದು ನಿಮಿಷ ಜಾಸ್ತಿ ಮಾಡಬಹುದು.